ಸಣ್ಣ ನಿಲ್ದಾಣದ ಜಮಾ–ಖರ್ಚು: ಹೊಳೆನರಸೀಪುರದ ನಿದರ್ಶನ

ಒಂದು ಊರಿನ ವಾಣಿಜ್ಯದ ಸ್ಥಿತಿಗತಿಯನ್ನು ತಿಳಿಯಬೇಕಾದಾಗ ಸಾಮಾನ್ಯವಾಗಿ ಮಾರುಕಟ್ಟೆಯ ಆವಕ, ಬ್ಯಾಂಕುಗಳ ಠೇವಣಿ, ತೆರಿಗೆ ಸಂಗ್ರಹ ಮೊದಲಾದ ಅಂಕಿ-ಅಂಶಗಳತ್ತ ಗಮನ ಹರಿಯುತ್ತದೆ. ಬೆಳಗಿನ ಪ್ಯಾಸೆಂಜರ್ ರೈಲಿಗೆ ಎಷ್ಟು ಜನ ಹತ್ತಿದರು, ಸಂಜೆಯ ರೈಲಿನಿಂದ ಎಷ್ಟು ಜನ ಇಳಿದರು ಎಂಬ ಅಂಕಿಯನ್ನು ಕೇಳುವವರು ವಿರಳ. ಆದರೆ ಹಾಸನ ನಗರದ ಅಂಗಡಿಗಳು, ಕಾಲೇಜುಗಳು, ಆಸ್ಪತ್ರೆಗಳು ಮತ್ತು ಕಚೇರಿಗಳು ಬೆಳಿಗ್ಗೆ ಕಾರ್ಯಾರಂಭ ಮಾಡುವುದು ಸುತ್ತಲ ತಾಲ್ಲೂಕುಗಳಿಂದ ಬರುವ ಜನರ ಬಲದಿಂದ ಎಂಬುದು ಅನುಭವಸ್ಥ ವರ್ತಕರಿಗೆ ತಿಳಿದ ವಿಷಯ. ಆ ಜನರಲ್ಲಿ ಒಂದು ಭಾಗವನ್ನು ದಿನವೂ ಕಳುಹಿಸಿಕೊಡುವುದು ಹೊಳೆನರಸೀಪುರದಂತಹ ಸಣ್ಣ ರೈಲು ನಿಲ್ದಾಣ.

ಇಂತಹ ನಿಲ್ದಾಣದಿಂದ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ರೈಲ್ವೆಯ ಖಾತೆ ಪುಸ್ತಕ ಒಂದು ಉತ್ತರ ಕೊಡುತ್ತದೆ; ಊರಿನ ಖಾತೆ ಪುಸ್ತಕ ಇನ್ನೊಂದು ಉತ್ತರ ಕೊಡುತ್ತದೆ. ಎರಡನೆಯದನ್ನು ಯಾರೂ ಬರೆದಿಡುವುದಿಲ್ಲ. ನಿಲುಗಡೆ, ಟಿಕೆಟ್ ಕೌಂಟರ್, ಪ್ಲಾಟ್‌ಫಾರಂ ಸೌಕರ್ಯ ಇವುಗಳ ಬಗ್ಗೆ ತೀರ್ಮಾನವಾಗುವಾಗ ಮುಂದಿರುವುದು ಮೊದಲನೆಯ ಪುಸ್ತಕ ಮಾತ್ರ. ಆದುದರಿಂದ ಆ ಪುಸ್ತಕವನ್ನು ಹೇಗೆ ಬರೆಯಲಾಗುತ್ತದೆ, ಅದರಲ್ಲಿ ಏನು ಸೇರುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ವರ್ತಕ ಸಮುದಾಯ ಅರಿತಿರುವುದು ಅವಶ್ಯ.

ಮೂರು ತಾಲ್ಲೂಕು, ಮೂರು ಸ್ಥಿತಿ

ರೈಲಿನ ವಿಷಯದಲ್ಲಿ ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರಗಳ ಅದೃಷ್ಟ ಒಂದೇ ಬಗೆಯದಲ್ಲ. ಬೆಂಗಳೂರು–ಹರಿಹರ ಮಾರ್ಗ 1889ರ ವೇಳೆಗೆ ಅರಸೀಕೆರೆಯನ್ನು ಹಾದುಹೋಯಿತು. ಜಿಲ್ಲಾ ಕೇಂದ್ರವಾದ ಹಾಸನಕ್ಕೆ ರೈಲು ಬಂದದ್ದು ಅದಾದ ಸುಮಾರು ಮೂರು ದಶಕಗಳ ನಂತರ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಅವಧಿಯಲ್ಲಿ ಕೈಗೊಂಡ ರೈಲು ವಿಸ್ತರಣೆಯಲ್ಲಿ ಮೈಸೂರು–ಅರಸೀಕೆರೆ ಮೀಟರ್ ಗೇಜ್ ಮಾರ್ಗವೂ ಒಂದು. ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಹೊಳೆನರಸೀಪುರ, ಮಾವಿನಕೆರೆ, ಮೊಸಳೆಹೊಸಹಳ್ಳಿಗಳ ಮೂಲಕ ಅದು ಹಾಸನವನ್ನು ಮುಟ್ಟಿ, ಅಲ್ಲಿಂದ ಅರಸೀಕೆರೆಯನ್ನು ಸೇರಿತು. ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಹೀಗೆ ಒಂದು ಶತಮಾನಕ್ಕೂ ಹಿಂದೆಯೇ ರೈಲಿನ ಸೌಲಭ್ಯ ದೊರೆಯಿತು.

ಚನ್ನರಾಯಪಟ್ಟಣದ ಕಥೆ ಬೇರೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿದ್ದರೂ ಆ ಊರು ರೈಲಿಗಾಗಿ ಇಪ್ಪತ್ತೊಂದನೆಯ ಶತಮಾನದವರೆಗೆ ಕಾಯಬೇಕಾಯಿತು. ಶ್ರೀ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996–97ರ ಸಾಲಿನಲ್ಲಿ ಮಂಜೂರಾದ ಬೆಂಗಳೂರು–ಹಾಸನ ಹೊಸ ಮಾರ್ಗದಲ್ಲಿ ಹಾಸನ–ಶ್ರವಣಬೆಳಗೊಳ ಭಾಗವು 2006ರ ಮಹಾಮಸ್ತಕಾಭಿಷೇಕದ ಆಸುಪಾಸಿನಲ್ಲಿ ಸಿದ್ಧವಾಯಿತು. ಕುಣಿಗಲ್, ನೆಲಮಂಗಲಗಳ ಮೂಲಕ ಬೆಂಗಳೂರಿಗೆ ಪೂರ್ಣ ಸಂಪರ್ಕ ದೊರೆತದ್ದು 2017ರ ಮಾರ್ಚ್ 26ರಂದು. ಮಂಜೂರಾತಿಗೂ ಉದ್ಘಾಟನೆಗೂ ನಡುವೆ ಇಪ್ಪತ್ತು ವರ್ಷಗಳು ಸಂದವು.

ಅರಕಲಗೂಡಿಗೆ ಇಂದಿಗೂ ರೈಲಿಲ್ಲ. ಆಲೂಗೆಡ್ಡೆ ಮತ್ತು ಹೊಗೆಸೊಪ್ಪಿನ ಬೆಳೆಗೆ ಹೆಸರಾದ, ರಾಮನಾಥಪುರದಲ್ಲಿ ಹೊಗೆಸೊಪ್ಪು ಹರಾಜು ಕಟ್ಟೆಯನ್ನು ಹೊಂದಿರುವ ಈ ತಾಲ್ಲೂಕಿನ ಜನ ರೈಲು ಹತ್ತಬೇಕಾದರೆ ಹಾಸನಕ್ಕೋ ಹೊಳೆನರಸೀಪುರಕ್ಕೋ ಬಸ್ಸಿನಲ್ಲಿ ಹೋಗಬೇಕು. ಎರಡೂ ಊರುಗಳು ಸುಮಾರು 30 ಕಿಲೋಮೀಟರ್ ಆಸುಪಾಸಿನಲ್ಲಿವೆ.

ಹೀಗೆ ಒಂದು ಊರಿಗೆ ಹಳೆಯ ಹಳಿ, ಒಂದು ಊರಿಗೆ ಹೊಸ ಹಳಿ, ಮತ್ತೊಂದಕ್ಕೆ ಹಳಿಯೇ ಇಲ್ಲ. ಮುಂದಿನ ವಿವರಣೆಯಲ್ಲಿ ಈ ವ್ಯತ್ಯಾಸ ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತದೆ.

ನಿಲ್ದಾಣದ ಲೆಕ್ಕ ಬರೆಯುವ ಕ್ರಮ

ರೈಲು ನಿಲ್ದಾಣವು ಲೆಕ್ಕಶಾಸ್ತ್ರದ ದೃಷ್ಟಿಯಿಂದ ಒಂದು ಶಾಖೆ ಇದ್ದಂತೆ. ದಿನದ ವಹಿವಾಟನ್ನು ನಗದು ಪುಸ್ತಕದಲ್ಲಿ ದಾಖಲಿಸಿ, ಸಂಗ್ರಹವಾದ ಹಣವನ್ನು ರೈಲ್ವೆಗೆ ಜಮಾ ಮಾಡಿ, ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ಇಲಾಖೆಗೆ ‘ಸ್ಟೇಷನ್ ಬ್ಯಾಲೆನ್ಸ್ ಶೀಟ್’ ಸಲ್ಲಿಸುವುದು ಬಹುಕಾಲದ ಪದ್ಧತಿ. ಕಂಪನಿಗಳ ಬ್ಯಾಲೆನ್ಸ್ ಶೀಟಿಗೂ ಇದಕ್ಕೂ ಹೆಸರಿನ ಸಾಮ್ಯ ಮಾತ್ರ. ಇದು ವಾಸ್ತವದಲ್ಲಿ ಸ್ಟೇಷನ್ ಮಾಸ್ಟರ್ ಮತ್ತು ರೈಲ್ವೆ ಆಡಳಿತದ ನಡುವಿನ ವೈಯಕ್ತಿಕ ಖಾತೆ. ಹಿಂದಿನ ಬಾಕಿ ಮತ್ತು ಆ ತಿಂಗಳ ಎಲ್ಲ ಟಿಕೆಟ್ ಮಾರಾಟ ಖರ್ಚಿನ ಕಡೆ. ಕಟ್ಟಿದ ನಗದು ಮತ್ತು ಒಪ್ಪಿಸಿದ ವೋಚರುಗಳು ಜಮಾ ಕಡೆ. ಉಳಿದದ್ದು ವಸೂಲಾಗಬೇಕಾದ ಬಾಕಿ. ಪ್ರಯಾಣಿಕ ವಿಭಾಗಕ್ಕೆ ಒಂದು, ಸರಕು ವಿಭಾಗಕ್ಕೆ ಮತ್ತೊಂದು ಪ್ರತ್ಯೇಕ ಪಟ್ಟಿ. ಇವನ್ನು ಪರಿಶೀಲಿಸಲು ಸಂಚಾರಿ ಲೆಕ್ಕ ಪರಿವೀಕ್ಷಕರು ನಿಲ್ದಾಣದಿಂದ ನಿಲ್ದಾಣಕ್ಕೆ ಬರುತ್ತಾರೆ.

ಗಣಕಯಂತ್ರ ಬರುವ ಮುನ್ನ ಬಳಕೆಯಲ್ಲಿದ್ದ ದಪ್ಪ ಕಾರ್ಡಿನ ಟಿಕೆಟ್ ಹಿರಿಯರಿಗೆ ನೆನಪಿರಬಹುದು. ಅದರ ಮೇಲಿದ್ದ ಕ್ರಮಸಂಖ್ಯೆಯೇ ಲೆಕ್ಕದ ಬುಡ. ಹೊಳೆನರಸೀಪುರದಿಂದ ಹಾಸನದ ಟಿಕೆಟ್ ಕಟ್ಟಿನ ಬೆಳಗಿನ ಆರಂಭ ಸಂಖ್ಯೆಯನ್ನು ಮುಕ್ತಾಯ ಸಂಖ್ಯೆಯಿಂದ ಕಳೆದರೆ ಮಾರಾಟವಾದ ಟಿಕೆಟ್‌ಗಳ ಎಣಿಕೆ ದೊರೆಯುತ್ತಿತ್ತು. ದರದಿಂದ ಗುಣಿಸಿದರೆ ಗಲ್ಲದಲ್ಲಿ ಇರಬೇಕಾದ ಹಣ. ದಾಸ್ತಾನು ಮತ್ತು ನಗದು ಎರಡನ್ನೂ ಏಕಕಾಲಕ್ಕೆ ತಾಳೆ ನೋಡುವ ಇಷ್ಟು ಸರಳವಾದ ಕ್ರಮ ಅಪರೂಪ. ಇಂದು ಈ ಕೆಲಸವನ್ನು ಗಣಕೀಕೃತ ವ್ಯವಸ್ಥೆ ನಿರ್ವಹಿಸುತ್ತದೆ. ಪ್ರಯಾಣಿಕರು ಮೊಬೈಲ್ ಮೂಲಕವೂ ಸಾಮಾನ್ಯ ಟಿಕೆಟ್ ಪಡೆಯಬಹುದು. ಸಾಧನ ಬದಲಾಗಿದ್ದರೂ ಒಂದು ಮೂಲ ತತ್ತ್ವ ಬದಲಾಗಿಲ್ಲ: ನಿಲ್ದಾಣದ ಮಹತ್ವವನ್ನು ಅಳೆಯುವುದು ಅಲ್ಲಿಂದ ಹೊರಡುವ ಪ್ರಯಾಣದ ಟಿಕೆಟ್‌ಗಳಿಂದ.

ಆದಾಯ ಯಾರ ಹೆಸರಿಗೆ?

ಈ ತತ್ತ್ವದ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೊಳೆನರಸೀಪುರದ ಒಬ್ಬ ಬಟ್ಟೆ ಅಂಗಡಿಯ ನೌಕರ ಬೆಳಿಗ್ಗೆ ಟಿಕೆಟ್ ಪಡೆದು ಹಾಸನಕ್ಕೆ ಹೋಗುತ್ತಾನೆ ಎಂದುಕೊಳ್ಳೋಣ. ಆ ಪ್ರಯಾಣ ಹೊಳೆನರಸೀಪುರದ ಲೆಕ್ಕಕ್ಕೆ ಸೇರುತ್ತದೆ. ಸಂಜೆ ಹಾಸನದಲ್ಲಿ ಟಿಕೆಟ್ ಪಡೆದು ಹಿಂದಿರುಗಿದರೆ ಅದು ಹಾಸನದ ಲೆಕ್ಕ. ಪ್ರಯಾಣಿಕ ಹೊಳೆನರಸೀಪುರದವನು, ರೈಲಿನ ಅಗತ್ಯ ಹೊಳೆನರಸೀಪುರದ್ದು. ಆದರೆ ಅವನ ಪ್ರಯಾಣದ ಅರ್ಧ ಭಾಗ ಮಾತ್ರ ಆ ಊರಿನ ಹೆಸರಿನಲ್ಲಿ ಕಾಣುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಮಾತ್ರ ರೈಲಿನಲ್ಲಿ ಬರುವವನು ಅಷ್ಟೂ ಕಾಣುವುದಿಲ್ಲ.

ಟಿಕೆಟ್ ಪಡೆಯದೆ ಪ್ರಯಾಣಿಸುವವನು ಸ್ವಾಭಾವಿಕವಾಗಿಯೇ ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಸಣ್ಣ ಅಂತರದ ಪ್ರಯಾಣದಲ್ಲಿ ತಪಾಸಣೆ ವಿರಳವೆಂಬ ಧೈರ್ಯದಿಂದ ಕೆಲವರು ಹೀಗೆ ಮಾಡುವುದುಂಟು. ಇದರಿಂದ ಉಳಿಯುವುದು ಹತ್ತಾರು ರೂಪಾಯಿ. ಆದರೆ ಕಡತದಲ್ಲಿ ಇಲ್ಲದ ಪ್ರಯಾಣಿಕನ ಪರವಾಗಿ ನಿಲುಗಡೆ ಕೇಳುವುದು ಯಾರಿಂದಲೂ ಸಾಧ್ಯವಾಗದು.

ಅರಕಲಗೂಡಿನ ಸ್ಥಿತಿ ಇನ್ನೂ ವಿಚಿತ್ರ. ಅಲ್ಲಿಂದ ಬಂದು ಹಾಸನದಲ್ಲಿ ರೈಲು ಹತ್ತುವ ವರ್ತಕನ ಟಿಕೆಟ್ ಹಾಸನದ್ದಾಗುತ್ತದೆ, ಹೊಳೆನರಸೀಪುರದಲ್ಲಿ ಹತ್ತಿದರೆ ಹೊಳೆನರಸೀಪುರದ್ದಾಗುತ್ತದೆ. ಒಂದು ಇಡೀ ತಾಲ್ಲೂಕಿನ ರೈಲು ಬೇಡಿಕೆ ಅದರ ಸ್ವಂತ ಹೆಸರಿನಲ್ಲಿ ಯಾವ ನಿಲ್ದಾಣದ ಪಟ್ಟಿಯಲ್ಲೂ ಬರುವುದಿಲ್ಲ. ಇದನ್ನೇ ತಿರುಗಿಸಿ ನೋಡಿದರೆ, ಹೊಳೆನರಸೀಪುರ ನಿಲ್ದಾಣ ಸೇವೆ ಸಲ್ಲಿಸುತ್ತಿರುವುದು ಒಂದು ತಾಲ್ಲೂಕಿಗಲ್ಲ, ಒಂದೂವರೆ ತಾಲ್ಲೂಕಿಗೆ ಎನ್ನಬಹುದು.

ವರ್ಗೀಕರಣದ ಗಣಿತ

ರೈಲ್ವೆಯು 2017ರಲ್ಲಿ ನಿಲ್ದಾಣಗಳ ವರ್ಗೀಕರಣವನ್ನು ಪರಿಷ್ಕರಿಸಿತು. ಮುಂಬಯಿಯಂತಹ ನಗರಗಳ ಉಪನಗರ ನಿಲ್ದಾಣಗಳಿಗೆ ಒಂದು ಗುಂಪು, ಉಳಿದವುಗಳಿಗೆ ಎನ್‌ಎಸ್‌ಜಿ-1ರಿಂದ ಎನ್‌ಎಸ್‌ಜಿ-6ರವರೆಗೆ ಆರು ವರ್ಗಗಳು, ಹಾಲ್ಟ್ ನಿಲ್ದಾಣಗಳಿಗೆ ಪ್ರತ್ಯೇಕವಾಗಿ ಮೂರು ವರ್ಗಗಳು. ವಾರ್ಷಿಕ ಪ್ರಯಾಣಿಕ ಆದಾಯ ಮತ್ತು ಹೊರಡುವ ಪ್ರಯಾಣಿಕರ ಸಂಖ್ಯೆ ಇದರ ಆಧಾರ. ಆರನೆಯ ವರ್ಗಕ್ಕೆ ಆದಾಯ 1 ಕೋಟಿ ರೂ.ವರೆಗೆ, ಪ್ರಯಾಣಿಕರು 10 ಲಕ್ಷದವರೆಗೆ. ಐದನೆಯ ವರ್ಗಕ್ಕೆ 1 ಕೋಟಿಯಿಂದ 10 ಕೋಟಿ ರೂ., ಪ್ರಯಾಣಿಕರು 10ರಿಂದ 20 ಲಕ್ಷ. ಮೊದಲ ವರ್ಗಕ್ಕೆ 500 ಕೋಟಿ ರೂ.ಗೂ ಮೀರಿದ ಆದಾಯ. ಕುಡಿಯುವ ನೀರು, ಮೇಲ್ಛಾವಣಿ, ಆಸನ, ಶೌಚಾಲಯ, ಪ್ಲಾಟ್‌ಫಾರಂ ಎತ್ತರ ಮೊದಲಾದ ಕನಿಷ್ಠ ಸೌಕರ್ಯಗಳ ಪ್ರಮಾಣ ಈ ವರ್ಗವನ್ನು ಅನುಸರಿಸುತ್ತದೆ.

ಈಗ ಒಂದು ಸರಳ ಲೆಕ್ಕ ಮಾಡಬಹುದು. ಸಾಮಾನ್ಯ ಪ್ಯಾಸೆಂಜರ್ ರೈಲಿನ ಕನಿಷ್ಠ ದರ 10 ರೂ. ಆ ದರದ ಟಿಕೆಟ್‌ಗಳನ್ನು ಮಾತ್ರ ಮಾರುವ ನಿಲ್ದಾಣವೊಂದು ವರ್ಷಕ್ಕೆ 1 ಕೋಟಿ ರೂ. ಆದಾಯ ತೋರಿಸಬೇಕಾದರೆ 10 ಲಕ್ಷ ಟಿಕೆಟ್ ಮಾರಬೇಕು. ಅಂದರೆ ದಿನಕ್ಕೆ ಸುಮಾರು 2,740. ಅದೇ 3,000 ರೂ. ಬೆಲೆಯ ಹವಾನಿಯಂತ್ರಿತ ದೂರಪ್ರಯಾಣದ ಟಿಕೆಟ್‌ಗಳಾದರೆ ದಿನಕ್ಕೆ 9 ಅಥವಾ 10 ಮಾರಾಟವಾದರೆ ಸಾಕು. ಮೊದಲನೆಯ ನಿಲ್ದಾಣ ದಿನಕ್ಕೆ ಎರಡು ಸಾವಿರಕ್ಕೂ ಮೀರಿದ ಜನರ ಜೀವನೋಪಾಯಕ್ಕೆ ಆಧಾರವಾಗಿರುತ್ತದೆ, ಎರಡನೆಯದು ಹತ್ತು ಜನರಿಗೆ. ಆದಾಯದ ಕಾಲಂ ಮಾತ್ರ ನೋಡುವವರಿಗೆ ಎರಡೂ ಸಮಾನ.

ದಿನನಿತ್ಯದ ಪ್ರಯಾಣಿಕರನ್ನೇ ನಂಬಿದ ನಿಲ್ದಾಣ ಎಷ್ಟು ಜನರಿಗೆ ಉಪಯುಕ್ತವಾದರೂ ಆದಾಯದ ಪಟ್ಟಿಯಲ್ಲಿ ಕೆಳಗೇ ಉಳಿಯುವುದಕ್ಕೆ ಇದೇ ಕಾರಣ. ಇದರಲ್ಲಿ ರೈಲ್ವೆಯ ದುರುದ್ದೇಶವೇನೂ ಇಲ್ಲ. 2022–23ರಲ್ಲಿ ಪ್ರಯಾಣ ದರಗಳ ಮೇಲೆ ನೀಡಿದ ಒಟ್ಟು ರಿಯಾಯಿತಿ 56,993 ಕೋಟಿ ರೂ. ಎಂದೂ, ಸರಾಸರಿಯಲ್ಲಿ ಪ್ರತಿ ಪ್ರಯಾಣಿಕನಿಗೆ ವೆಚ್ಚದ ಶೇ. 46ರಷ್ಟು ರಿಯಾಯಿತಿ ದೊರೆಯುತ್ತಿದೆ ಎಂದೂ ರೈಲ್ವೆ ಸಚಿವಾಲಯವು ಸಂಸತ್ತಿಗೆ ತಿಳಿಸಿದೆ. ನೂರು ರೂಪಾಯಿಯ ಸೇವೆಗೆ 54 ರೂ. ಪಡೆಯುವ ಸಂಸ್ಥೆ ತನ್ನ ಆದಾಯದತ್ತ ಕಣ್ಣಿಡುವುದು ಸಹಜವೇ. ಆ ಕಣ್ಣಿಗೆ ಊರಿನ ಲಾಭವನ್ನೂ ಕಾಣಿಸುವ ಕೆಲಸ ಊರಿನವರದು.

ಗೂಡ್ಸ್ ಶೆಡ್ ಬರಿದಾದ ಬಗೆ

ಹಿಂದೆ ಸಣ್ಣ ನಿಲ್ದಾಣದ ಆದಾಯ ಪ್ರಯಾಣಿಕರಿಂದ ಮಾತ್ರ ಬರುತ್ತಿರಲಿಲ್ಲ. ಒಂದೆರಡು ವ್ಯಾಗನ್‌ಗಳಷ್ಟು, ಕೆಲವೊಮ್ಮೆ ನಾಲ್ಕಾರು ಮೂಟೆಗಳಷ್ಟು ಸರಕನ್ನೂ ರೈಲ್ವೆ ಒಪ್ಪಿಕೊಳ್ಳುತ್ತಿದ್ದ ಕಾಲದಲ್ಲಿ ನಿಲ್ದಾಣದ ಗೂಡ್ಸ್ ಶೆಡ್ ವರ್ತಕನ ಗೋದಾಮಿನ ಮುಂದುವರಿಕೆಯಂತಿತ್ತು. 1980ರ ದಶಕದಿಂದೀಚೆಗೆ ರೈಲ್ವೆಯು ಬಿಡಿ ವ್ಯಾಗನ್‌ಗಳ ಸಾಗಣೆಯನ್ನು ಕ್ರಮೇಣ ಕೈಬಿಟ್ಟು ಪೂರ್ಣ ರೇಕ್‌ಗಳ ಸಾಗಣೆಗೆ ಒತ್ತು ಕೊಟ್ಟಿತು. ಮುಚ್ಚಿದ ವ್ಯಾಗನ್‌ಗಳ ಒಂದು ರೇಕ್ ಹೊರುವ ಸರಕು ಸುಮಾರು 2,500 ಟನ್. ಹೊಳೆನರಸೀಪುರದ ಅಕ್ಕಿ ಗಿರಣಿಯಾಗಲಿ, ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕನಾಗಲಿ ಇಷ್ಟು ಸರಕನ್ನು ಒಂದೇ ದಿನ ಒಂದೇ ಊರಿಗೆ ಕಳುಹಿಸುವ ಪ್ರಸಂಗ ಬರುವುದಿಲ್ಲ. ಹತ್ತು ಟನ್ನಿನ ವರ್ತಕ ಲಾರಿಯ ಕಡೆ ತಿರುಗಿದ. ಪಂಜಾಬಿನ ಜಲಂಧರಿನಿಂದ ಪ್ರತಿ ಬೇಸಿಗೆಯಲ್ಲಿ ಹಾಸನಕ್ಕೆ ಬರುವ ಬಿತ್ತನೆ ಆಲೂಗೆಡ್ಡೆಯೂ ಬಹುಪಾಲು ಲಾರಿಯಲ್ಲೇ ಬರುತ್ತದೆ.

ಸರಕು ಹೋದ ನಂತರ ಸಣ್ಣ ನಿಲ್ದಾಣದ ಎರಡು ಪಟ್ಟಿಗಳಲ್ಲಿ ಒಂದು ಬರಿದಾಯಿತು. ಉಳಿದದ್ದು ಪ್ರಯಾಣಿಕರ ಪಟ್ಟಿ, ಅದರಲ್ಲೂ ಮುಖ್ಯವಾಗಿ ದಿನನಿತ್ಯ ಬಂದು ಹೋಗುವವರ ಪಟ್ಟಿ. ನಿಲ್ದಾಣದ ಭವಿಷ್ಯ ಈಗ ಆ ಜನರ ಮೇಲೆಯೇ ನಿಂತಿದೆ.

ಗೇಜ್ ಬದಲಾವಣೆ ಮತ್ತು ಹೊಸ ಮಾರ್ಗ

1990ರ ದಶಕದಲ್ಲಿ ಏಕರೂಪ ಗೇಜ್ ಯೋಜನೆಯಡಿ ಮೈಸೂರು–ಹಾಸನ–ಅರಸೀಕೆರೆ ಮಾರ್ಗವು ಬ್ರಾಡ್ ಗೇಜ್‌ಗೆ ಪರಿವರ್ತನೆಗೊಂಡಿತು. ಹಾಸನ–ಮಂಗಳೂರು ಮಾರ್ಗದ ಅನುಭವ ಇದಕ್ಕಿಂತ ಕಠಿಣ. 1979ರಲ್ಲಿ ಮೀಟರ್ ಗೇಜ್‌ನಲ್ಲಿ ಪೂರ್ಣಗೊಂಡ ಆ ಮಾರ್ಗವನ್ನು 1996ರಲ್ಲಿ ಪರಿವರ್ತನೆಗಾಗಿ ಮುಚ್ಚಲಾಯಿತು. ಸರಕು ಸಾಗಣೆ ಪುನರಾರಂಭವಾದದ್ದು 2006ರಲ್ಲಿ, ಪ್ರಯಾಣಿಕ ರೈಲು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷಗಳ ಅವಧಿಯಲ್ಲಿ ಒಂದು ಊರಿನ ಸಂಚಾರದ ರೂಢಿ ಸಂಪೂರ್ಣ ಬದಲಾಗುತ್ತದೆ. ಬಸ್ಸಿಗೆ ಹೊಂದಿಕೊಂಡ ಗ್ರಾಹಕ ರೈಲು ಬಂದ ಮಾತ್ರಕ್ಕೆ ಮರುದಿನವೇ ಹಿಂದಿರುಗುವುದಿಲ್ಲ.

2017ರ ಹೊಸ ಮಾರ್ಗವು ಮತ್ತೊಂದು ಬಗೆಯ ಬದಲಾವಣೆಯನ್ನು ತಂದಿತು. ಬೆಂಗಳೂರಿನಿಂದ ಹಾಸನಕ್ಕೆ ರೈಲಿನಲ್ಲಿ ಬರಬೇಕಾದರೆ ಹಿಂದೆ ಅರಸೀಕೆರೆ ಅಥವಾ ಮೈಸೂರನ್ನು ಸುತ್ತಬೇಕಿತ್ತು. ಮೈಸೂರನ್ನು ಸುತ್ತಿದ ರೈಲು ಹೊಳೆನರಸೀಪುರವನ್ನು ಹಾದೇ ಬರುತ್ತಿತ್ತು. ಕುಣಿಗಲ್–ಶ್ರವಣಬೆಳಗೊಳ ಮಾರ್ಗ ತೆರೆದ ಮೇಲೆ ಬೆಂಗಳೂರು–ಕರಾವಳಿ ನಡುವಿನ ಹಲವು ರೈಲುಗಳು ಹತ್ತಿರದ ದಾರಿಯನ್ನು ಹಿಡಿದವು. ಚನ್ನರಾಯಪಟ್ಟಣಕ್ಕೆ ಇದು ಲಾಭ. ಜಿಲ್ಲೆಗೂ ಒಟ್ಟಾರೆಯಾಗಿ ಲಾಭ. ಹೊಳೆನರಸೀಪುರದ ಪಾಲಿಗೆ ಮೈಸೂರು–ಅರಸೀಕೆರೆ ನಡುವಿನ ಸ್ಥಳೀಯ ರೈಲುಗಳು ಮತ್ತು ಶಿವಮೊಗ್ಗ, ತಾಳಗುಪ್ಪಗಳ ಕಡೆಗಿನ ರೈಲುಗಳ ಮಹತ್ವ ಇನ್ನಷ್ಟು ಹೆಚ್ಚಿತು.

ಎರಡು ಊರುಗಳ ಅಗತ್ಯವೂ ಒಂದೇ ಅಲ್ಲ. ಚನ್ನರಾಯಪಟ್ಟಣಕ್ಕೆ ಹೆದ್ದಾರಿಯ ಮೇಲೆ ಹಗಲೂ ರಾತ್ರಿ ಬಸ್ಸುಗಳ ಸಂಚಾರವಿದೆ. ಅಲ್ಲಿ ರೈಲು ಒಂದು ಹೆಚ್ಚುವರಿ ಆಯ್ಕೆ. ಆ ಹೆದ್ದಾರಿಯಿಂದ ದೂರವಿರುವ ಹೊಳೆನರಸೀಪುರದಲ್ಲಿ, ಅದಕ್ಕಿಂತ ಹೆಚ್ಚಾಗಿ ಮಾವಿನಕೆರೆ, ಮೊಸಳೆಹೊಸಹಳ್ಳಿಗಳಲ್ಲಿ, ಬೆಳಗಿನ ರೈಲು ತಪ್ಪಿದರೆ ಅನೇಕರ ದಿನದ ಲೆಕ್ಕವೇ ತಪ್ಪುತ್ತದೆ.

2020ರಿಂದ 2024ರವರೆಗಿನ ಪಾಠ

ಸಣ್ಣ ನಿಲ್ದಾಣದ ನಿಜವಾದ ಬೆಲೆ ಎಷ್ಟೆಂಬುದನ್ನು ಕೋವಿಡ್ ಅವಧಿ ತೋರಿಸಿಕೊಟ್ಟಿತು. 2020ರ ಮಾರ್ಚ್‌ನಲ್ಲಿ ದೇಶದಾದ್ಯಂತ ಪ್ರಯಾಣಿಕ ರೈಲುಗಳು ನಿಂತವು. ಮುಂದೆ ಸಂಚಾರ ಹಂತಹಂತವಾಗಿ ಆರಂಭವಾದಾಗ ಹಿಂದಿನ ಪ್ಯಾಸೆಂಜರ್ ರೈಲುಗಳನ್ನು ವಿಶೇಷ ಎಕ್ಸ್‌ಪ್ರೆಸ್ ಎಂಬ ಹೆಸರಿನಲ್ಲಿ ಓಡಿಸಲಾಯಿತು. ರೈಲು ಅದೇ, ನಿಲ್ದಾಣ ಅದೇ. ಆದರೆ ಕನಿಷ್ಠ ದರ 10 ರೂ.ಗೆ ಬದಲಾಗಿ 30 ರೂ. ಆಯಿತು. ಹಳೆಯ ಕನಿಷ್ಠ ದರ ಮತ್ತೆ ಜಾರಿಗೆ ಬಂದದ್ದು 2024ರ ಫೆಬ್ರವರಿ ಕೊನೆಯಲ್ಲಿ.

ಮಾಸಿಕ ಪಾಸ್ ಇಲ್ಲದೆ ದಿನವೂ ಟಿಕೆಟ್ ಪಡೆದು ಮೊಸಳೆಹೊಸಹಳ್ಳಿಯಿಂದ ಹಾಸನಕ್ಕೆ ಬರುವ ನೌಕರನೊಬ್ಬನ ಲೆಕ್ಕವನ್ನು ಗಮನಿಸಬಹುದು. ತಿಂಗಳಿಗೆ 25 ದಿನ, ದಿನಕ್ಕೆ ಎರಡು ಪ್ರಯಾಣ. ಹಳೆಯ ದರದಲ್ಲಿ 500 ರೂ., ಹೊಸ ದರದಲ್ಲಿ 1,500 ರೂ. ಅಂಗಡಿಯ ಸಹಾಯಕನ ಸಂಬಳದಲ್ಲಿ ತಿಂಗಳಿಗೆ 1,000 ರೂ. ಸಣ್ಣ ಮೊತ್ತವಲ್ಲ. ಈ ಹೊರೆಯನ್ನು ನೌಕರನೇ ಹೊತ್ತರೆ ಮನೆಯ ಖರ್ಚಿಗೆ ಕತ್ತರಿ. ಮಾಲೀಕ ಹೊತ್ತರೆ ಐದು ನೌಕರರಿರುವ ಅಂಗಡಿಗೆ ವರ್ಷಕ್ಕೆ 60,000 ರೂ. ಹೆಚ್ಚುವರಿ ವೆಚ್ಚ, ಇಬ್ಬರೂ ಹೊರದಿದ್ದರೆ ನೌಕರ ಕೆಲಸ ಬಿಡುತ್ತಾನೆ. ಈ ಮೂರರಲ್ಲಿ ಯಾವುದೇ ಆದರೂ ಅದು ರೈಲ್ವೆಯ ಖಾತೆಯಲ್ಲಿ ದಾಖಲಾಗುವುದಿಲ್ಲ. ಅಲ್ಲಿ ಕಾಣುವುದು ಪ್ರತಿ ಟಿಕೆಟ್‌ಗೆ ಆದಾಯ ಮೂರು ಪಟ್ಟಾದದ್ದು ಮಾತ್ರ.

ಮಾಸಿಕ ಪಾಸಿನ ಮಹತ್ವ ಇಂತಹ ಸಂದರ್ಭದಲ್ಲಿ ಸ್ಪಷ್ಟವಾಗುತ್ತದೆ. ಮಾಸಿಕ ಸೀಸನ್ ಟಿಕೆಟ್ 150 ಕಿ.ಮೀ. ಅಂತರದವರೆಗೆ ದೊರೆಯುತ್ತದೆ. ತ್ರೈಮಾಸಿಕ ಪಾಸಿನ ಬೆಲೆ ಮಾಸಿಕ ಪಾಸಿನ 2.7 ಪಟ್ಟು ಮಾತ್ರ. ಸುಮಾರು 119 ಕಿ.ಮೀ. ದೂರದ ಹಾಸನ–ಮೈಸೂರು ಪ್ರಯಾಣ ಈ ಮಿತಿಯೊಳಗಿದೆ. ಹೊಳೆನರಸೀಪುರದಿಂದ ಎರಡೂ ಕಡೆಗೆ ಪಾಸ್ ಪಡೆಯಬಹುದು. ಹಾಸನ–ಬೆಂಗಳೂರು ಅಂತರ ಹೊಸ ಮಾರ್ಗದಲ್ಲಿಯೂ ಈ ಮಿತಿಯನ್ನು ಮೀರುತ್ತದೆ.

ಬಸ್ಸು ಮತ್ತು ರೈಲು: ಎದುರಾಳಿಗಳಲ್ಲ

ರಾಜ್ಯ ಸರ್ಕಾರವು 2023ರ ಜೂನ್ 11ರಂದು ಜಾರಿಗೆ ತಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಹಾಸನದ ಕಾಲೇಜಿಗೆ, ಆಸ್ಪತ್ರೆಗೆ, ಸಿದ್ಧ ಉಡುಪು ಕಾರ್ಖಾನೆಗೆ ಹೋಗುವ ಮಹಿಳೆಯೊಬ್ಬಳಿಗೆ ಇದು ನಿಜವಾದ ಉಳಿತಾಯ. ಅದರ ಬಗ್ಗೆ ಆಕ್ಷೇಪಕ್ಕೆ ಅವಕಾಶವಿಲ್ಲ. ಆದರೆ ಲೆಕ್ಕ ಓದುವವರು ಒಂದು ಎಚ್ಚರಿಕೆ ವಹಿಸಬೇಕು. 2023ರ ನಂತರ ಸಣ್ಣ ನಿಲ್ದಾಣವೊಂದರಲ್ಲಿ ಟಿಕೆಟ್ ಮಾರಾಟ ಇಳಿದಿದ್ದರೆ, ಊರಿನ ಸಂಚಾರದ ಅಗತ್ಯವೇ ಇಳಿದಿದೆ ಎಂದು ತೀರ್ಮಾನಿಸಲಾಗದು. ಪ್ರಯಾಣಿಕರು ಅಷ್ಟೇ ಇರಬಹುದು. ಅವರ ಪೈಕಿ ಒಂದು ಭಾಗದ ದರವನ್ನು ಬೇರೊಂದು ಖಜಾನೆ ಭರಿಸುತ್ತಿರಬಹುದು. ಎರಡು ವರ್ಷಗಳ ಅಂಕಿಗಳನ್ನು ಹೋಲಿಸುವಾಗ ಈ ಅಂಶವನ್ನು ಪ್ರತ್ಯೇಕಿಸಿ ನೋಡುವುದು ನ್ಯಾಯ.

ಬಸ್ಸು ಮತ್ತು ರೈಲು ಪರಸ್ಪರ ಪೂರಕವಾಗಬಲ್ಲವು ಎಂಬುದಕ್ಕೆ ಅರಕಲಗೂಡು ತಕ್ಕ ಸ್ಥಳ. ಆ ತಾಲ್ಲೂಕಿಗೆ ಹೊಸ ಹಳಿ ಬರಬೇಕಾದರೆ ಸಮೀಕ್ಷೆ, ಮಂಜೂರಾತಿ, ಭೂಸ್ವಾಧೀನ, ಅನುದಾನ ಇವೆಲ್ಲವೂ ಆಗಬೇಕು. ಚನ್ನರಾಯಪಟ್ಟಣದ ಇಪ್ಪತ್ತು ವರ್ಷಗಳ ನಿರೀಕ್ಷೆ ಕಣ್ಣ ಮುಂದಿದೆ. ಆದರೆ ಮೈಸೂರಿನ ಕಡೆಗೆ ಹೋಗುವ ರೈಲು ಹೊಳೆನರಸೀಪುರಕ್ಕೆ ಬರುವ ಅರ್ಧ ಗಂಟೆ ಮುನ್ನ ಅರಕಲಗೂಡಿನ ಬಸ್ಸು ನಿಲ್ದಾಣ ರಸ್ತೆಗೆ ಬಂದು ತಲುಪುವಂತೆ ವೇಳಾಪಟ್ಟಿ ಹೊಂದಿಸಲು ಒಂದು ಗುಂಟೆ ಭೂಮಿಯೂ ಬೇಕಾಗಿಲ್ಲ. ಇದಕ್ಕೆ ಬೇಕಾದದ್ದು ಎರಡು ಇಲಾಖೆಗಳ ನಡುವೆ ಒಂದು ಪತ್ರವ್ಯವಹಾರ.

ವೇಳೆಯೇ ಬಂಡವಾಳ

ದೂರಪ್ರಯಾಣಿಕನಿಗೆ ರೈಲು ಒಂದು ಗಂಟೆ ತಡವಾದರೆ ಬೇಸರ. ದಿನನಿತ್ಯದ ಪ್ರಯಾಣಿಕನಿಗೆ ಇಪ್ಪತ್ತು ನಿಮಿಷ ತಡವಾದರೂ ನಷ್ಟ. ಮೈಸೂರು–ಹಾಸನ ಮಾರ್ಗದಲ್ಲಿ ಇರುವುದು ಒಂದೇ ಹಳಿ. ಎದುರಿನಿಂದ ಬರುವ ರೈಲಿಗೆ ದಾರಿ ಬಿಡಬೇಕಾದರೆ ಒಂದು ರೈಲು ನಿಲ್ದಾಣದ ಲೂಪ್ ಲೈನಿನಲ್ಲಿ ಕಾಯಬೇಕು. ಎಕ್ಸ್‌ಪ್ರೆಸ್ ಮತ್ತು ಪ್ಯಾಸೆಂಜರ್ ಎದುರುಬದುರಾದಾಗ ಸಾಮಾನ್ಯವಾಗಿ ಕಾಯುವುದು ಪ್ಯಾಸೆಂಜರ್. ಕ್ರಾಸಿಂಗ್ ನಿಲ್ದಾಣಕ್ಕೂ ಹಾಲ್ಟ್ ನಿಲ್ದಾಣಕ್ಕೂ ಇರುವ ವ್ಯತ್ಯಾಸವೂ ಇಲ್ಲಿಯೇ ಇದೆ. ಲೂಪ್ ಲೈನ್ ಇರುವ ಕ್ರಾಸಿಂಗ್ ನಿಲ್ದಾಣ ರೈಲುಗಳ ಓಡಾಟಕ್ಕೇ ಬೇಕಾದುದರಿಂದ ಅದನ್ನು ಸುಲಭವಾಗಿ ಕೈಬಿಡಲಾಗದು. ಹಾಲ್ಟ್ ನಿಲ್ದಾಣಕ್ಕೆ ಆ ರಕ್ಷಣೆ ಇಲ್ಲ. ಅನೇಕ ಹಾಲ್ಟ್‌ಗಳಲ್ಲಿ ಟಿಕೆಟ್ ಮಾರುವವರು ರೈಲ್ವೆಯ ನೌಕರರೂ ಅಲ್ಲ, ಕಮಿಷನ್ ಆಧಾರದ ಏಜೆಂಟರು. ಮಾರಾಟ ಇಳಿದರೆ ಕಮಿಷನ್ ಇಳಿಯುತ್ತದೆ, ಏಜೆಂಟ್ ಬಿಟ್ಟು ಹೋಗುತ್ತಾನೆ. ಟಿಕೆಟ್ ದೊರೆಯದ ಕಡೆ ಆದಾಯ ಇನ್ನೂ ಇಳಿಯುತ್ತದೆ.

ಹಾಸನದಲ್ಲಿ 1960ರಲ್ಲಿ ಆರಂಭವಾದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, 2006ರಲ್ಲಿ ಆರಂಭವಾದ ವೈದ್ಯಕೀಯ ವಿಜ್ಞಾನ ಸಂಸ್ಥೆ, ಜಿಲ್ಲಾ ನ್ಯಾಯಾಲಯ, ಎ.ಪಿ.ಎಂ.ಸಿ. ಪ್ರಾಂಗಣ, ಕೈಗಾರಿಕಾ ಪ್ರದೇಶ ಇವುಗಳ ವೇಳೆಗೆ ಹೊಂದುವ ರೈಲು ಹೊಳೆನರಸೀಪುರಕ್ಕೆ ಆಸ್ತಿ. ಹೊಂದದ ರೈಲು ಕೇವಲ ಅಲಂಕಾರ. ಬೆಳಗಿನ ರೈಲಿನ ವೇಳೆಯನ್ನು ಅರ್ಧ ಗಂಟೆ ಮುಂದೂಡಿದರೆ ಯಾವ ರೈಲೂ ರದ್ದಾಗಿರುವುದಿಲ್ಲ, ಯಾವ ನಿಲುಗಡೆಯೂ ಕಡಿತವಾಗಿರುವುದಿಲ್ಲ; ಆದರೂ ಪಾಸ್ ಪಡೆಯುವವರು ಮರು ತಿಂಗಳು ಬಸ್ಸಿನ ಕಡೆ ಹೋಗಿರುತ್ತಾರೆ. ಅವರೊಡನೆ ನಿಲ್ದಾಣ ರಸ್ತೆಯ ಉಪಾಹಾರ ಗೃಹ, ಸೈಕಲ್ ಸ್ಟ್ಯಾಂಡ್, ಆಟೋ, ಹೂವು-ತರಕಾರಿ ಮಾರುವವರ ವ್ಯಾಪಾರವೂ ಹೋಗುತ್ತದೆ.

ವರ್ತಕ ಸಮುದಾಯ ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ರೈಲಿನಲ್ಲಿ ಬರುವ ನೌಕರರಿಗೆ ಅವರ ಊರಿನ ನಿಲ್ದಾಣದಿಂದಲೇ ಮಾಸಿಕ ಅಥವಾ ತ್ರೈಮಾಸಿಕ ಪಾಸ್ ಪಡೆಯುವಂತೆ ಪ್ರೋತ್ಸಾಹಿಸಬೇಕು. ಮಾಲೀಕರು ಪಾಸಿನ ಹಣವನ್ನು ಭರಿಸಿದರೆ ವೆಚ್ಚ ಅಲ್ಪ. ನೌಕರ ಸಮಯಕ್ಕೆ ಬರುವುದರಿಂದ ಅದು ಹಿಂದಿರುಗುತ್ತದೆ, ಜೊತೆಗೆ ನಿಲ್ದಾಣದ ಅಂಕಿಯೂ ಬೆಳೆಯುತ್ತದೆ.

ಎರಡನೆಯದಾಗಿ, ದೂರಪ್ರಯಾಣದ ಟಿಕೆಟ್ ಕಾದಿರಿಸುವಾಗ ರೈಲು ತಮ್ಮ ಊರಿನಲ್ಲಿ ನಿಲ್ಲುವುದಾದರೆ ಹೊರಡುವ ನಿಲ್ದಾಣವೆಂದು ಅದನ್ನೇ ನಮೂದಿಸಬೇಕು. ಅಭ್ಯಾಸಬಲದಿಂದ ಹಾಸನ ಅಥವಾ ಮೈಸೂರು ಎಂದು ನಮೂದಿಸಿದರೆ ಊರಿನ ಬೇಡಿಕೆ ದೊಡ್ಡ ನಿಲ್ದಾಣದ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಮೂರನೆಯದಾಗಿ, ಹೊಸ ನಿಲುಗಡೆಗಳನ್ನು ರೈಲ್ವೆಯು ಸಾಮಾನ್ಯವಾಗಿ ಆರು ತಿಂಗಳ ಪ್ರಾಯೋಗಿಕ ಅವಧಿಗೆ ಮಂಜೂರು ಮಾಡುತ್ತದೆ ಎಂಬುದನ್ನು ಮರೆಯಬಾರದು. ನಿಲುಗಡೆ ದೊರೆತ ದಿನದ ಹಾರ-ತುರಾಯಿಗಿಂತ ಆ ಆರು ತಿಂಗಳ ಟಿಕೆಟ್ ಮಾರಾಟ ಮುಖ್ಯ. ರೈಲು ನಿಂತು ಮತ್ತೆ ವೇಗ ಪಡೆಯಲು ತಗಲುವ ಇಂಧನ ಮತ್ತು ಸಮಯದ ವೆಚ್ಚವನ್ನು ಅದರ ಎದುರು ಇಟ್ಟು ನೋಡಲಾಗುತ್ತದೆ.

ನಾಲ್ಕನೆಯದಾಗಿ, ನಿಲ್ದಾಣವಾರು ಟಿಕೆಟ್ ಮಾರಾಟ ಮತ್ತು ಆದಾಯದ ಅಂಕಿಗಳನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೋರಬಹುದು. ಐದು ವರ್ಷಗಳ ಅಂಕಿಗಳನ್ನು ತರಿಸಿ, ದರ ಬದಲಾವಣೆ, ವೇಳಾಪಟ್ಟಿ ಬದಲಾವಣೆ ಮತ್ತು ಉಚಿತ ಬಸ್ ಪ್ರಯಾಣದ ದಿನಾಂಕಗಳೊಡನೆ ತಾಳೆ ಹಾಕಿದರೆ ಮನವಿ ಪತ್ರಕ್ಕೆ ತೂಕ ಬರುತ್ತದೆ. ಜೊತೆಗೆ ಪ್ರತಿ ಅಂಗಡಿ ಮತ್ತು ಕಾರ್ಖಾನೆಯಲ್ಲಿ ರೈಲಿನಲ್ಲಿ ಬರುವ ನೌಕರರೆಷ್ಟು ಎಂಬ ಒಂದು ಪುಟದ ಪಟ್ಟಿಯನ್ನು ವರ್ಷಕ್ಕೊಮ್ಮೆ ಸಿದ್ಧಪಡಿಸಬಹುದು. ಮೇಲೆ ಹೇಳಿದ, ಯಾರೂ ಬರೆದಿಡದ ಎರಡನೆಯ ಖಾತೆ ಪುಸ್ತಕಕ್ಕೆ ಇದೇ ಆರಂಭ.

ಐದನೆಯದಾಗಿ, ವಿಭಾಗ ಮಟ್ಟದ ರೈಲು ಬಳಕೆದಾರರ ಸಲಹಾ ಸಮಿತಿಯಲ್ಲಿ ವಾಣಿಜ್ಯ ಸಂಸ್ಥೆಗಳಿಗೂ ಪ್ರಾತಿನಿಧ್ಯ ನೀಡುವ ವ್ಯವಸ್ಥೆ ಇದೆ. ಹೊಳೆನರಸೀಪುರವು ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಸಮಿತಿಯ ಸಭೆಗಳಲ್ಲಿ ಹೊಸ ರೈಲುಗಳ ಬೇಡಿಕೆ ಮಂಡಿಸುವುದು ವಾಡಿಕೆ. ಇರುವ ರೈಲಿನ ವೇಳೆಯನ್ನು ಸರಿಯಾಗಿ ಕಾಯ್ದುಕೊಳ್ಳುವ ಬೇಡಿಕೆ ಅದಕ್ಕಿಂತ ಅಗ್ಗ, ಅದಕ್ಕಿಂತ ಸಾಧ್ಯ, ಮತ್ತು ಅದಕ್ಕಿಂತ ಹೆಚ್ಚು ಜನರಿಗೆ ಉಪಯುಕ್ತ.

ಉಪಸಂಹಾರ

ಯಾವುದೇ ಸಂಸ್ಥೆಯ ಲೆಕ್ಕಪತ್ರ ಅದರ ಮಾಲೀಕನ ದೃಷ್ಟಿಯಿಂದ ಬರೆದದ್ದೇ ಹೊರತು ಅದರಿಂದ ಬದುಕುವ ಎಲ್ಲರ ದೃಷ್ಟಿಯಿಂದ ಬರೆದದ್ದಲ್ಲ. ರೈಲ್ವೆಯ ಪುಸ್ತಕದಲ್ಲಿ ಹೊಳೆನರಸೀಪುರ ಒಂದು ಸಾಲು; ಅರಕಲಗೂಡು ಅದೂ ಅಲ್ಲ. ಆ ಒಂದು ಸಾಲಿನ ಹಿಂದೆ ಹಾಸನದ ಅಂಗಡಿಯ ಬಾಗಿಲು ತೆರೆಯುವವನಿದ್ದಾನೆ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಯಿದ್ದಾನೆ, ಜಿಲ್ಲಾ ಆಸ್ಪತ್ರೆಯ ಚೀಟಿ ಹಿಡಿದ ವೃದ್ಧೆಯಿದ್ದಾಳೆ. ಅವರೆಲ್ಲರನ್ನೂ ಆ ಪುಸ್ತಕಕ್ಕೆ ತರುವ ಸಾಧನ ಸದ್ಯಕ್ಕೆ ಟಿಕೆಟ್ ಒಂದೇ. ಶತಮಾನದ ಹಿಂದೆ ಸಂಸ್ಥಾನ ಹಾಕಿಕೊಟ್ಟ ಹಳಿ ಊರಿನ ಮೂಲ ಬಂಡವಾಳ. ಅದನ್ನು ದಿನಕ್ಕೆ ಹತ್ತು ರೂಪಾಯಿಯ ಟಿಕೆಟ್‌ನಿಂದ, ವರ್ಷಕ್ಕೊಂದು ಪಟ್ಟಿಯಿಂದ ಕಾಯ್ದುಕೊಳ್ಳುವುದು ವರ್ತಕ ಸಮುದಾಯದ ಕೈಯಲ್ಲಿಯೇ ಇದೆ.